ತಪ್ಪು ಯಾರದೆಂದು ಅಂಚೆಯಲ್ಲಿ ಬರುತ್ತದೆ

ಹೊರಡುವ ಮುಂಚೆ, ಹೊಳಲ್ಕೆರೆ

ವಿಮಾನ ಹೇಗೆ ಹಾರುತ್ತದೆ, ಲಂಡನ್ನಿನಲ್ಲಿ ಎಷ್ಟು ಸೇತುವೆಗಳಿವೆ ಎಂದು ತಿಳಿಯಬೇಕಾದವರು ಈ ಬರಹವನ್ನು ಇಲ್ಲಿಗೇ ಮಡಚಿಡಬಹುದು. ಇಂಗ್ಲೆಂಡಿನಲ್ಲಿ ಐದು ವಾರ ಇದ್ದು ನಾನು ಸರಿಯಾಗಿ ನೋಡಿದ್ದು ಒಂದು ಓಣಿ, ಒಂದು ಅಡುಗೆಮನೆ, ಒಂದು ರೈಲ್ವೆ ಸ್ಟೇಷನ್ನು. ಉಳಿದದ್ದೆಲ್ಲ ಮೋಡದೊಳಗಿತ್ತು. ಇದೆ ಎಂದು ಹೇಳಿದರು, ನಂಬಿದೆ.

ಹೊಳಲ್ಕೆರೆ ತಾಲ್ಲೂಕು ಕಚೇರಿಯ ಎದುರು ಬೇವಿನ ಮರದಡಿ ಮೇಜು ಹಾಕಿಕೊಂಡು ಅರ್ಜಿ ಬರೆಯುವುದು ನನ್ನ ಉದ್ಯೋಗ. ಖಾತೆ ಬದಲಾವಣೆ, ಬಾವಿ ತಕರಾರು, ಕಳೆದುಹೋದ ಎಮ್ಮೆ, ಓಡಿಹೋದ ಅಳಿಯ, ಏನೇ ಇರಲಿ, ಎರಡು ಪುಟಕ್ಕೆ ಕಡಿಮೆ ಬರೆದವನಲ್ಲ. ಅಕ್ಷರ ದುಂಡಗಿದೆ ಎಂದು ಪೊಲೀಸಿನವರೂ ಪಂಚನಾಮೆ ಬರೆಯುವಾಗ ನನ್ನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದರು. ಪಂಚನಾಮೆ ಎಂದರೆ ಗೊತ್ತಲ್ಲ, ಘಟನೆ ನಡೆದ ಜಾಗದಲ್ಲೇ ಐದು ಜನರನ್ನು ನಿಲ್ಲಿಸಿಕೊಂಡು, ಕಂಡದ್ದನ್ನು ಬರೆದು, ಅವರ ರುಜು ಹಾಕಿಸುವುದು. ಹೊಸದುರ್ಗದಿಂದ ಹಿರಿಯೂರಿನವರೆಗೆ ಬಸ್ಸು, ಲಾರಿ, ಗಾಡಿ ಎಲ್ಲಿ ಮುಗ್ಗರಿಸಿದರೂ ಅದರ ಕತೆ ನನ್ನ ಕೈಬರಹದಲ್ಲಿ ಎಲ್ಲೋ ಒಂದು ಬೀರುವಿನಲ್ಲಿ ಇದ್ದೇ ಇರುತ್ತಿತ್ತು.

ನನ್ನ ತಂಗಿ ಗಿರಿಜೆ ಚಿತ್ರದುರ್ಗದ ದೊಡ್ಡಾಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಡಾಕ್ಟರೊಬ್ಬರನ್ನು ಮದುವೆಯಾಗಿ ಆರು ವರ್ಷದ ಹಿಂದೆ ಇಂಗ್ಲೆಂಡಿಗೆ ಹೋದಳು. ಅಲ್ಲಿಂದ ಪ್ರತಿ ಕಾಗದದಲ್ಲೂ ಬಾ ಬಾ ಎಂದು ಬರೆಯುತ್ತಿದ್ದಳು. ಎಪ್ಪತ್ತನಾಲ್ಕನೆಯ ಇಸವಿಯ ಏಪ್ರಿಲ್ ಕೊನೆಗೆ ಮೇಜನ್ನು ಮರಕ್ಕೆ ಸರಪಳಿಯಿಂದ ಕಟ್ಟಿ ಹೊರಟೇಬಿಟ್ಟೆ. ಜೇಬಿನಲ್ಲಿ ಪೆನ್ನು, ಕೋಟಿನೊಳಗೆ ನಾಲ್ಕು ಮಡಿಕೆಯ ಬಿಳಿ ಹಾಳೆ ಇಲ್ಲದೆ ನಾನು ಹಿತ್ತಲಿಗೂ ಹೋಗುವವನಲ್ಲ. ವಿಮಾನದಲ್ಲೂ ಅವು ಜೊತೆಗಿದ್ದವು.

ಮೊದಲ ವಾರ, ತಂಗಿಯ ಮನೆ

ಬರ್ಮಿಂಗ್‌ಹ್ಯಾಮಿಗೆ ಒಂದು ಗಂಟೆ ದೂರದ ಸಣ್ಣ ಊರು ಅದು. ಸಾಲಾಗಿ ಒಂದೇ ತರಹದ ಮನೆಗಳು. ಎರಡನೆಯ ದಿನ ವಾಕಿಂಗ್ ಮುಗಿಸಿ ನಾನು ನಮ್ಮದೇ ಎಂದುಕೊಂಡು ಪಕ್ಕದ ಮನೆಗೆ ಹೋಗಿ ಕುರ್ಚಿಯ ಮೇಲೆ ಕೂತು ಕಾಫಿಗಾಗಿ ಕಾದೆ. ಆ ಮನೆಯ ಹೆಂಗಸು ಹತ್ತು ನಿಮಿಷ ಮಾತಾಡಿ, ಆಮೇಲೆ ಮೆಲ್ಲಗೆ, ತಾವು ಯಾರೆಂದು ಕೇಳಬಹುದೇ ಎಂದಳು. ನಮ್ಮ ಕಡೆಯಾಗಿದ್ದರೆ ಆ ಹತ್ತು ನಿಮಿಷದಲ್ಲಿ ನನ್ನ ಮೂರು ತಲೆಮಾರಿನ ಲೆಕ್ಕ ಮುಗಿಯುತ್ತಿತ್ತು. ಇಲ್ಲಿಯ ಜನ ಪರಸ್ಪರ ಏನನ್ನೂ ಕೇಳುವುದಿಲ್ಲ, ಮಳೆ ಬರುತ್ತದೋ ಇಲ್ಲವೋ ಎಂಬುದೊಂದನ್ನು ಬಿಟ್ಟು. ಮಳೆ ಬರುತ್ತಿರುವಾಗಲೂ ಅದನ್ನೇ ಕೇಳುತ್ತಾರೆ.

ಗಿರಿಜೆಗೆ ಆ ತಿಂಗಳು ಒಂದೇ ಧ್ಯಾನ. ಆರು ವರ್ಷ ವಾರ್ಡಿನಲ್ಲಿ ದುಡಿದ ಮೇಲೆ ಅವಳಿಗೆ ಮನೆಮನೆಗೆ ಹೋಗಿ ಬಾಣಂತಿ, ಮಗುವನ್ನು ನೋಡಿಕೊಳ್ಳುವ ಹೊಸ ಕೆಲಸ ಸಿಕ್ಕಿತ್ತು. ಜೂನ್ ತಿಂಗಳ ಮೊದಲ ಸೋಮವಾರ ಸೇರಬೇಕು. ಆದರೆ ಕಾರು ಓಡಿಸಲು ಬರಲೇಬೇಕು. ಮೂರು ಸಲ ಡ್ರೈವಿಂಗ್ ಪರೀಕ್ಷೆಯಲ್ಲಿ ನಪಾಸಾಗಿ, ನಾಲ್ಕನೆಯ ಸಲ ಪಾಸಾಗಿದ್ದಳು. ಲೈಸೆನ್ಸನ್ನು ಮಡಚಿ ಸೀರೆಯ ಗಂಟಿನಲ್ಲಿ ಇಟ್ಟುಕೊಳ್ಳುವಳು.

"ವಾರ್ಡಿನಾಗೆ ನಾನು ಬರೀ ಸಿಸ್ಟರ್ ಅಣ್ಣ," ಎಂದಳು ಒಂದು ಸಂಜೆ. "ಇದ್ರಾಗೆ ಹಂಗಲ್ಲ. ಬಾಗಿಲು ತೆಗೆದು ಒಳಗೆ ಕರೀತಾರೆ. ನಮ್ಮೂರಾಗೆ ಸೂಲಗಿತ್ತಿ ಚೆನ್ನಮ್ಮಜ್ಜಿ ಬಂದ್ರೆ ಹೆಂಗೆ ಮನೆಯೋರೆಲ್ಲ ಎದ್ದು ನಿಲ್ತಿದ್ರು, ಜ್ಞಾಪಕ ಐತಾ? ನಂಗೂ ಅದು ಬೇಕು."

ಅವಳ ಗಂಡ, ಅಂದರೆ ನಮ್ಮ ಡಾಕ್ಟರು, ಒಳ್ಳೆಯ ಮನುಷ್ಯ. ಆದರೆ ಹೆಂಡತಿ ಸ್ಟೇರಿಂಗ್ ಹಿಡಿದರೆ ಪಕ್ಕದಲ್ಲಿ ಕೂತು ಕಾಲಿನಿಂದ ಇಲ್ಲದ ಬ್ರೇಕನ್ನು ತುಳಿಯುತ್ತಿದ್ದರು. "ಭಾವ, ನೀವು ಒಂದಷ್ಟು ದಿನ ಅವಳ ಜೊತೆ ಕುಂತ್ಕಳ್ರಿ, ನಂಗೆ ಬಿಪಿ ಏರುತ್ತೆ," ಎಂದು ಆ ಹೊಣೆಯನ್ನು ನನಗೆ ದಾಟಿಸಿದರು. ಹೊಳಲ್ಕೆರೆ ರಸ್ತೆಯಲ್ಲಿ ಬಸ್ಸಿನ ಮೇಲೆ ಕೂತು ಬಂದವನಿಗೆ ಇದೇನು ಮಹಾ ಎಂದು ಒಪ್ಪಿಕೊಂಡೆ.

ಹನ್ನೆರಡನೆಯ ದಿನ, ಓಣಿ

ಶನಿವಾರ ಬೆಳಿಗ್ಗೆ ಗಿರಿಜೆ ನನ್ನನ್ನು ಊರಾಚೆಯ ಒಂದು ಕಿರಿದಾದ ಓಣಿಗೆ ಕರೆದುಕೊಂಡು ಹೋದಳು. ಎಡಕ್ಕೆ ಮನೆಗಳು, ಬಲಕ್ಕೆ ಬೇಲಿ, ಬೇಲಿಯಾಚೆ ಹುಲ್ಲುಗಾವಲು. ನಮ್ಮ ಹಸಿರು ಕಾರು ಎತ್ತಿನಗಾಡಿಗಿಂತ ಒಂದು ಚೂರು ಜೋರಾಗಿ ಹೋಗುತ್ತಿತ್ತು. ಎಡಗಡೆಯ ಒಂದು ಗೇಟಿನಿಂದ ಒಂದು ಬೂದು ಕಾರು ಹಿಂದೆ ಹಿಂದೆ ಬಂದು ನಮ್ಮ ಎಡಬಾಗಿಲಿಗೆ ಗುದ್ದಿತು. ನಾನು ಕೂತಿದ್ದೇ ಆ ಬಾಗಿಲ ಪಕ್ಕ. ಬಾಗಿಲು ನೆಗ್ಗಿತು. ನನಗೆ ಏನೂ ಆಗಲಿಲ್ಲ, ಕೋಟಿನ ಜೇಬಿನಲ್ಲಿದ್ದ ಚಕ್ಕುಲಿ ಮಾತ್ರ ಪುಡಿಯಾಯಿತು.

ಬೂದು ಕಾರಿನಿಂದ ಎಪ್ಪತ್ತರ ಹತ್ತಿರದ ಮುದುಕರೊಬ್ಬರು ಇಳಿದರು. ಹ್ಯಾರಿಸ್ ಎಂದು ಹೆಸರು, ನಿವೃತ್ತ ಮೇಷ್ಟ್ರು. ಈಗ ಶುರುವಾಗುತ್ತದೆ ಎಂದು ನಾನು ತೋಳು ಮಡಿಸಿದೆ. ಅವರು ಟೋಪಿ ಎತ್ತಿ, "ಬೆಳಗ್ಗೆ ಸ್ವಲ್ಪ ಚಳಿ ಇದೆ ಅಲ್ಲವೇ?" ಎಂದರು. ಗಿರಿಜೆ, ಹೌದು, ಗಾಳಿಯೂ ಇದೆ ಎಂದಳು. ಆಮೇಲೆ ಇಬ್ಬರೂ ಒಂದೊಂದು ಚೀಟಿ ತೆಗೆದು ಹೆಸರು, ವಿಳಾಸ, ಕಾರಿನ ನಂಬರು, ಇನ್ಶೂರೆನ್ಸ್ ಕಂಪನಿ, ಪಾಲಿಸಿ ನಂಬರು ಬರೆದು ಅದಲು ಬದಲು ಮಾಡಿಕೊಂಡರು. ಮದುವೆಯಲ್ಲಿ ತಾಂಬೂಲ ಕೊಟ್ಟು ತೆಗೆದುಕೊಂಡ ಹಾಗಿತ್ತು. ಅಷ್ಟಕ್ಕೆ ಮುಗಿಯಿತಂತೆ!

"ತಪ್ಪು ಯಾರದು ಅಂತ ಹೇಳಲೇ ಇಲ್ವಲ್ಲಮ್ಮ," ಎಂದೆ.

"ಅದನ್ನ ಇಲ್ಲಿ ಮಾತಾಡಂಗಿಲ್ಲ ಅಣ್ಣ. ಕಂಪನಿಯೋರು ನೋಡಿ ಕಾಗದ ಬರೀತಾರೆ."

"ಯಾವಾಗ?"

"ಎರಡು ಮೂರು ವಾರಕ್ಕೆ."

ಬಿ.ದುರ್ಗದ ಹತ್ತಿರ ಹೊಸದುರ್ಗದ ಬಸ್ಸು ಈರುಳ್ಳಿ ಗಾಡಿಗೆ ತಾಗಿದ ದಿನ ನೆನಪಾಯಿತು. ಎರಡು ನಿಮಿಷದಲ್ಲಿ ಇನ್ನೂರು ಜನ. ಬಸ್ಸಿನವನ ತಪ್ಪು ಎಂದು ಗಾಡಿಯ ಕಡೆಯವರು, ಎತ್ತಿನ ತಪ್ಪು ಎಂದು ಬಸ್ಸಿನೊಳಗಿನವರು. ಕೂಗಾಟ ಮುಗಿಯುವ ಹೊತ್ತಿಗೆ, "ಯಾವೂರಪ್ಪ ನಿಂದು? ಯಾರ ಪೈಕಿ?" ಎಂದು ಯಾರೋ ಕೇಳಿ, ಡ್ರೈವರನ ಅಕ್ಕನನ್ನು ಗಾಡಿಯವನ ದೊಡ್ಡಪ್ಪನ ಮನೆಗೆ ಕೊಟ್ಟಿದೆ ಎಂದು ಪತ್ತೆಯಾಯಿತು. ತಪ್ಪು ಈರುಳ್ಳಿಯದು ಎಂದು ತೀರ್ಮಾನಿಸಿ ಎಲ್ಲರೂ ಚಹಾ ಕುಡಿದರು. ಇನ್ಶೂರೆನ್ಸ್ ಪತ್ರವೇ? ಅದು ದುರ್ಗದಲ್ಲಿ ಬಸ್ಸಿನ ಯಜಮಾನರ ದೇವರ ಕೋಣೆಯಲ್ಲಿತ್ತು. ಪ್ರತಿ ಆಯುಧಪೂಜೆಗೂ ಕುಂಕುಮ ಹಚ್ಚಿ ಹಚ್ಚಿ ನಂಬರು ಮುಚ್ಚಿಹೋಗಿತ್ತು. ನಮ್ಮಲ್ಲಿ ಮೊದಲು ತಪ್ಪು ಗೊತ್ತಾಗುತ್ತದೆ, ಆಮೇಲೆ ಹೆಸರು. ಇಲ್ಲಿ ಹೆಸರು ಮೊದಲು, ತಪ್ಪು ಅಂಚೆಯಲ್ಲಿ ಬರುತ್ತದೆ!

ಅದಕ್ಕಿಂತ ಹೊಟ್ಟೆ ಉರಿದದ್ದು ಜನ ಸೇರದೇ ಇದ್ದದ್ದಕ್ಕೆ. ಒಂದು ಕಿಟಕಿಯ ಪರದೆ ಅಲ್ಲಾಡಿತು, ಅಷ್ಟೆ. ಇದು ಎಂಥಾ ಆಕ್ಸಿಡೆಂಟು? ನಾನೇ ಹೋಗಿ ಬಾಗಿಲುಗಳನ್ನು ತಟ್ಟಿದೆ. ಕೂದಲು ಗುಂಗುರಾಗಲೆಂದು ತಲೆಗೆ ಸುರುಳಿ ಸುತ್ತಿಕೊಂಡ ಒಬ್ಬ ಅಜ್ಜಿ, ಅವರ ಪಕ್ಕದ ಮನೆಯ ದಂಪತಿ, ಓಣಿಯಲ್ಲಿ ಬರುತ್ತಿದ್ದ ಅಂಚೆಯವನು, ಹೀಗೆ ನಾಲ್ವರು ಸಿಕ್ಕರು. ಐದನೆಯ ಪಂಚ ಬೇಕಲ್ಲ, ಹ್ಯಾರಿಸರನ್ನೇ ನಿಲ್ಲಿಸಿಕೊಂಡೆ.

ಕಾಂಪೌಂಡಿನ ಗೋಡೆಯ ಮೇಲೆ ಕೂತು ಕನ್ನಡದಲ್ಲಿ ಬರೆಯತೊಡಗಿದೆ. ಪಂಚನಾಮೆಗೆ ಚಕ್ಕುಬಂದಿ ಬೇಕೇಬೇಕು, ಅಂದರೆ ಜಾಗದ ನಾಲ್ಕೂ ದಿಕ್ಕಿಗೆ ಏನೇನಿದೆ ಎಂಬ ವಿವರ. ಆದರೆ ಪೂರ್ವ ಯಾವುದು? ನಾನು ಬಂದಾಗಿನಿಂದ ಸೂರ್ಯ ಮುಖ ತೋರಿಸಿರಲಿಲ್ಲ. ಅಜ್ಜಿಯನ್ನು ಕೇಳಿದೆ. ಅವರು ಯೋಚಿಸಿ, ತಮ್ಮ ನಾದಿನಿಯ ಮನೆ ಪೂರ್ವಕ್ಕಿದೆಯೆಂದೂ, ಅವಳ ಜೊತೆ ಮಾತು ಬಿಟ್ಟಿರುವುದರಿಂದ ಆ ಕಡೆ ನೋಡುವುದಿಲ್ಲವೆಂದೂ ಹೇಳಿ ಕೈ ತೋರಿಸಿದರು. ಬರೆದೆ: ಪೂರ್ವಕ್ಕೆ ನಾದಿನಿಯ ಮನೆಯ ದಿಕ್ಕು, ಪಶ್ಚಿಮಕ್ಕೆ ಕೆಂಪು ಅಂಚೆ ಡಬ್ಬ, ಉತ್ತರಕ್ಕೆ ಹ್ಯಾರಿಸರ ಗುಲಾಬಿ ಗಿಡ, ದಕ್ಷಿಣಕ್ಕೆ ಬೇಲಿ, ಈ ಮಧ್ಯೆ ನೆಗ್ಗಿದ ಬಾಗಿಲು. ನೆಗ್ಗಿನ ಉದ್ದ ಒಂದೂವರೆ ಗೇಣು. ಗೇಟಿನಿಂದ ನಮ್ಮ ಕಾರಿಗೆ ಒಂದು ಮಾರು. ಮಾರು ಅಳೆಯಲು ಎರಡೂ ತೋಳು ಚಾಚಿ ಮಣ್ಣಿಗೆ ಬಗ್ಗಿದಾಗ ಅಂಚೆಯವನು ನನಗೆ ಏನೋ ಆಯಿತೆಂದು ಓಡಿಬಂದು ಹಿಡಿದುಕೊಂಡ.

ಬರೆದದ್ದನ್ನು ಪಂಚರಿಗೆ ಓದಿ ಹೇಳದೆ ರುಜು ಹಾಕಿಸಬಾರದು, ಅದು ಕ್ರಮ. ನಾಲ್ಕೂ ಪುಟವನ್ನು ಗಟ್ಟಿಯಾಗಿ ಕನ್ನಡದಲ್ಲೇ ಓದಿದೆ. ಎಲ್ಲರೂ ತಲೆ ತಗ್ಗಿಸಿ, ಕೈ ಕಟ್ಟಿಕೊಂಡು ಕೇಳಿದರು. ಮುಗಿದಾಗ ಅಜ್ಜಿ ಮೆಲ್ಲಗೆ ಆಮೆನ್ ಎಂದರು. ಆಮೇಲೆ ಎಲ್ಲರೂ ರುಜು ಹಾಕಿದರು, ದಂಪತಿಗಳು ಚಹಾ ತಂದರು. ಆ ಓಣಿಯಲ್ಲಿ ಹನ್ನೊಂದು ವರ್ಷ ಪಕ್ಕಪಕ್ಕದಲ್ಲಿದ್ದೂ ಅಜ್ಜಿಗೂ ದಂಪತಿಗೂ ಆ ದಿನವೇ ಪರಿಚಯವಾಯಿತಂತೆ.

ಹ್ಯಾರಿಸ್ ಸಾಕ್ಷಿಯೆಂದು ನನ್ನ ಹೆಸರನ್ನೂ ಕೇಳಿದರು. ನಾನು ವಾಡಿಕೆಯಂತೆ, "ತಿಪ್ಪೇಸ್ವಾಮಿ ಬಿನ್ ಲೇಟ್ ಚನ್ನಬಸಪ್ಪ," ಎಂದೆ. ಅವರು ಬರೆಯುತ್ತ ಬರೆಯುತ್ತ ತಲೆಯೆತ್ತಿ, "ತಡವಾಯಿತೇ? ಎಲ್ಲಿಗೆ ಹೋಗುವುದಕ್ಕೆ?" ಎಂದು ಕಳವಳದಿಂದ ಕೇಳಿದರು. ಬಿನ್ ಎಂದರೆ ಮಗ, ಲೇಟ್ ಎಂದರೆ ತೀರಿಕೊಂಡವರು ಎಂದು ವಿವರಿಸಿದೆ. ಅವರು ಮತ್ತೆ ಟೋಪಿ ತೆಗೆದು, ಮಗನನ್ನು ಕಳೆದುಕೊಂಡಿದ್ದಕ್ಕೆ ನನಗೆ ಸಂತಾಪ ಹೇಳಿದರು.

ಮುಂದಿನ ಮೂರು ವಾರ, ಅಡುಗೆಮನೆ

ಗಿರಿಜೆ ಆ ದಿನ ಮನೆಗೆ ಬಂದು ಕಾರಿನ ಕೀಲಿಯನ್ನು ಅಡುಗೆಮನೆಯ ಮೊಳೆಗೆ ನೇತುಹಾಕಿದಳು. ಮತ್ತೆ ಮುಟ್ಟಲಿಲ್ಲ.

"ನಂದೇ ತಪ್ಪು ಅಂತ ಬಂದ್ರೆ ನಾನು ಇನ್ನು ಕಾರು ಓಡ್ಸಲ್ಲ," ಎಂದಳು. "ಬಾಣಂತಿ ಮನೆಗೆ ಹೋಗೋಳು ದಾರ್‍ಯಾಗೆ ಯಾರನ್ನಾದ್ರೂ ಕೆಡವಿದ್ರೆ?"

"ಕೆಡವಿದ್ದು ಯಾರನ್ನೇ? ನನ್ನ ಚಕ್ಕುಲಿ ಒಂದೇ," ಎಂದೆ. ಅವಳು ನಗಲಿಲ್ಲ.

ಅವಳು ಬಸ್ಸಿನಲ್ಲೇ ಆಸ್ಪತ್ರೆಗೆ ಹೋಗಿಬರತೊಡಗಿದಳು. ಕಂಪನಿಯ ಫಾರಂ ಬಂತು, ತುಂಬಿ ಕಳಿಸಿದಳು. ನನ್ನ ಪಂಚನಾಮೆಯನ್ನೂ ಲಗತ್ತಿಸಿ ಕಳಿಸಲು ಹೇಳಿದೆ. ಡಾಕ್ಟರು ಅದನ್ನು ಇಂಗ್ಲಿಷಿಗೆ ಮಾಡಲು ಕೂತು, "ಸದರಿ ಮಜಕೂರು" ಎಂಬ ಕಚೇರಿ ಕನ್ನಡದ ಹತ್ತಿರ ಬಂದು ಪೆನ್ನು ಕೆಳಗಿಟ್ಟರು. ಕೊನೆಗೆ ಕನ್ನಡದಲ್ಲೇ ಹೋಯಿತು.

ದಿನಾ ಬೆಳಿಗ್ಗೆ ಬಾಗಿಲಿನ ಸಂದಿಯಿಂದ ಅಂಚೆ ಬೀಳುತ್ತದೆ. ಟಪ್ ಎಂದರೆ ಸಾಕು, ಗಿರಿಜೆಯ ಕೈಲಿದ್ದ ಲಟ್ಟಣಿಗೆ ನಿಲ್ಲುವುದು. ಒಂದು ದಿನ ಬಟ್ಟೆ ಅಂಗಡಿಯ ಜಾಹೀರಾತು, ಇನ್ನೊಂದು ದಿನ ಗ್ಯಾಸಿನವರ ಕಾಗದ. ಡಾಕ್ಟರು ಮನಸ್ಸು ಹಗುರಾಗಲಿ ಎಂದು ನಮ್ಮನ್ನು ಒಂದು ಅಣೆಕಟ್ಟು ನೋಡಲು ಕರೆದುಕೊಂಡು ಹೋದರು. ಎಡಬಾಗಿಲು ತೆಗೆಯಲು ಬರುತ್ತಿರಲಿಲ್ಲ, ನಾನು ಡ್ರೈವರನ ಸೀಟಿನ ಮೇಲಿನಿಂದ ತೆವಳಿ ನನ್ನ ಜಾಗಕ್ಕೆ ಹೋಗಬೇಕಿತ್ತು. ಅಣೆಕಟ್ಟು ನೋಡಿ, ನಮ್ಮ ಮಾರಿಕಣಿವೆ ಕಟ್ಟೆ ಇದಕ್ಕಿಂತ ಎಷ್ಟೋ ವಾಸಿ ಎಂದೆ. ಗಿರಿಜೆ ಅದಕ್ಕೂ ಮಾತಾಡಲಿಲ್ಲ. ದುರ್ಗದ ಕಡೆಯವರು ಮಾರಿಕಣಿವೆಯ ಮಾತು ಬಂದಾಗ ಸುಮ್ಮನಿದ್ದಾರೆಂದರೆ ಪರಿಸ್ಥಿತಿ ಕೈಮೀರಿದೆ ಎಂದೇ ಅರ್ಥ.

ನನಗೂ ಒಳಗೊಳಗೇ ಅನ್ನ ಸೇರುತ್ತಿರಲಿಲ್ಲ. ಕಾರಣ ಆಮೇಲೆ ಹೇಳುತ್ತೇನೆ.

ಶುಕ್ರವಾರ, ಕಾಗದ ಬಂದ ದಿನ

ಕೆಲಸಕ್ಕೆ ಸೇರಲು ಮೂರು ದಿನ ಇರುವಾಗ ಕಂಪನಿಯಿಂದ ಎರಡು ಲಕೋಟೆ ಬಿದ್ದವು. ಒಂದು ನನಗೆ, "ಶ್ರೀ ಬಿನ್ ಲೇಟ್ ಅವರಿಗೆ" ಎಂದು. ತಾವು ಕಳಿಸಿದ ಸುಂದರವಾದ ದಾಖಲೆಗೆ ವಂದನೆಗಳು, ನಮ್ಮ ಕಚೇರಿಯಲ್ಲಿ ಎಲ್ಲರೂ ನೋಡಿ ಸಂತೋಷಪಟ್ಟರು, ಯಾವ ಕಡೆಯಿಂದ ಓದಬೇಕೆಂದು ಮಾತ್ರ ತಿಳಿಯಲಿಲ್ಲ ಎಂದಿತ್ತು.

ಇನ್ನೊಂದು ಗಿರಿಜೆಗೆ. ಡಾಕ್ಟರು ಓದಿ ಹೇಳಿದರು. "ಎರಡು ಕಂಪನಿಗಳ ನಡುವೆ ಮೊದಲೇ ಒಂದು ಒಪ್ಪಂದ ಐತಂತೆ ಭಾವ. ಅವರ ಕಾರನ್ನ ಅವರ ಕಂಪನಿ ರಿಪೇರಿ ಮಾಡ್ಸುತ್ತೆ, ನಮ್ಮದನ್ನ ನಮ್ಮ ಕಂಪನಿ. ತಪ್ಪು ಯಾರದು ಅಂತ ನೋಡೋದೇ ಇಲ್ಲ."

"ನೋಡೋದೇ ಇಲ್ವಾ?" ಎಂದೆ. "ಐದು ಜನ ಪಂಚರು, ನಾಕು ಪುಟ, ಇಷ್ಟು ದಿನದ ಉಪವಾಸ, ಎಲ್ಲಾ ಇದಕ್ಕೇನಾ? ಹಂಗಾದ್ರೆ ಆ ಚೀಟಿ ಯಾಕೆ ಬದಲಾಯಿಸ್ಕಂಡ್ರಿ?"

ಡಾಕ್ಟರು ನಕ್ಕು ಆಸ್ಪತ್ರೆಗೆ ಹೊರಟರು. ಗಿರಿಜೆ ಕಾಗದವನ್ನು ಮತ್ತೆ ಮತ್ತೆ ಓದಿದಳು. "ನಂದೇ ತಪ್ಪು ಇರ್ಬೇಕು ಅಣ್ಣ. ಇಲ್ಲಿಯೋರು ಮುಖಕ್ಕೆ ಹೇಳಲ್ಲ, ಮರ್ಯಾದೆಗೆ ಹಿಂಗೆ ಬರೀತಾರೆ," ಎಂದಳು. ಆಮೇಲೆ ನನ್ನ ಎದುರು ಒಂದು ಬಿಳಿ ಹಾಳೆ ಇಟ್ಟಳು. "ಕೆಲಸ ಬ್ಯಾಡ ಅಂತ ಒಂದು ಅರ್ಜಿ ಬರ್ಕೊಡು. ನೀನು ಕನ್ನಡದಾಗೆ ಬರಿ, ನಾನು ಇಂಗ್ಲಿಷಿಗೆ ಮಾಡ್ಕಂತೀನಿ. ಇವತ್ತೇ ಹಾಕ್ಬೇಕು."

ಇಪ್ಪತ್ತೆರಡು ವರ್ಷದಿಂದ ಬರೆಯುತ್ತಿದ್ದೇನೆ, ಯಾರು ಕೇಳಿದರೂ ಇಲ್ಲ ಎಂದವನಲ್ಲ. ಬರೆದೆ: ಇವರಿಗೆ, ಇವರಿಂದ, ಮಾನ್ಯರೇ, ವಿಷಯ. ಆಮೇಲೆ ಕಾರಣ. ಅರ್ಜಿಯಲ್ಲಿ ಕಾರಣ ಇಲ್ಲದಿದ್ದರೆ ನಮ್ಮ ತಹಸೀಲ್ದಾರರು ಮುಖದ ಮೇಲೆ ಎಸೆಯುತ್ತಿದ್ದರು. ಕಾರಣ ಎಂಬ ಪದದ ಮುಂದೆ ಎರಡು ಚುಕ್ಕೆ ಇಟ್ಟು ಕೂತೆ. ಪೆನ್ನು ಮುಂದೆ ಹೋಗಲಿಲ್ಲ.

ಏಕೆಂದರೆ ನನ್ನ ನಾಲ್ಕು ಪುಟದ ಪಂಚನಾಮೆಯಲ್ಲಿ ಗುಲಾಬಿ ಗಿಡವಿತ್ತು, ನಾದಿನಿಯಿದ್ದಳು, ಒಂದು ವಿಷಯ ಇರಲಿಲ್ಲ. ಆ ಓಣಿಯಲ್ಲಿ ಬಲಗಡೆ ಬೇಲಿಯಾಚೆ ಹಸುಗಳು ಮೇಯುತ್ತಿದ್ದವು. ದೊಡ್ಡ ದೊಡ್ಡ ಹಸುಗಳು, ಆದರೆ ಒಂದಕ್ಕೂ ಕೊಂಬಿಲ್ಲ! ಅಮೃತಮಹಲ್ ದನಗಳ ಈಟಿಯಂಥ ಕೊಂಬು ನೋಡಿ ಬೆಳೆದ ನನಗೆ ಎದೆ ಧಸಕ್ಕೆಂದಿತು. ಅಷ್ಟು ದೊಡ್ಡ ಪ್ರಾಣಿ, ತಲೆ ಬೋಳಾಗಿ ನಿಂತು ಮೆಲುಕು ಹಾಕುತ್ತಿದೆ! "ಗಿರಿಜಾ, ಅಲ್ಲಿ ನೋಡೇ, ಬೋಳು ಹಸು!" ಎಂದು ಕೂಗಿ, ಎಡಸೀಟಿನಿಂದ ಬಲಕ್ಕೆ ಕೈ ಚಾಚಿದ್ದೆ. ಚಾಚಿದ ಕೈ ಅವಳ ಕಣ್ಣಿಗೆ ಅಡ್ಡವಾಗಿತ್ತು. ಆಗಲೇ ಗುದ್ದಿದ್ದು.

ಅದನ್ನು ಬರೆಯಲಿಲ್ಲ. ನಾಚಿಕೆಯಾಯಿತು. ಊರವರ ತಪ್ಪನ್ನೆಲ್ಲ ದುಂಡಗೆ ಬರೆದ ಕೈ ತನ್ನ ತಪ್ಪಿನ ಹತ್ತಿರ ಬಂದಾಗ ಪುಟ ತಿರುಗಿಸಿತ್ತು. ನನ್ನ ಹೇಡಿತನಕ್ಕೆ ಅವಳ ಕೆಲಸ ಹೋಗುವುದರಲ್ಲಿತ್ತು.

ಬರೆದೆ. "ಕಾರಣ: ನನ್ನ ಅಣ್ಣನಾದ ತಿಪ್ಪೇಸ್ವಾಮಿ ಎಂಬುವರು ಸದರಿ ಸಮಯದಲ್ಲಿ ಬೋಳು ಹಸುವನ್ನು ತೋರಿಸುವ ಸಲುವಾಗಿ ನನ್ನ ಕಣ್ಣಿಗೆ ಅಡ್ಡಲಾಗಿ ಕೈ ಚಾಚಿದ್ದು, ತಪ್ಪು ಪೂರಾ ಅವರದೇ ಆಗಿರುತ್ತದೆ." ಕೆಳಗೆ ನನ್ನ ರುಜು ಹಾಕಿ ಅವಳ ಮುಂದೆ ತಳ್ಳಿ, ಗೋಡೆ ನೋಡುತ್ತ ಕೂತೆ.

ಅವಳು ಎರಡು ಸಲ ಓದಿದಳು. ಆಮೇಲೆ, "ನಿನ್ನ ಕೈ ಅಡ್ಡ ಬಂದಿದ್ದು ನಂಗೆ ಗೊತ್ತಿಲ್ವಾ ಅಣ್ಣ? ಮೂಗಿಗೆ ತಾಗ್ತು," ಎಂದಳು.

"ಮತ್ತೆ ಫಾರಂನಾಗೆ ಯಾಕೆ ಬರೀಲಿಲ್ಲ?"

"ಹೆಂಗೆ ಬರೀಲಿ? ನೀನು ಕೈ ಚಾಚೋ ಮುಂಚೆನೇ ನಾನು ಹಸಾನೇ ನೋಡ್ತಿದ್ದೆ." ಅವಳು ಹಾಳೆಯನ್ನು ಬದಿಗೆ ಸರಿಸಿದಳು. "ಆರು ವರ್ಷದಿಂದ ಅವನ್ನ ನೋಡ್ದಾಗೆಲ್ಲ ನಗು ಬರುತ್ತೆ. ಯಾರಿಗೆ ಹೇಳಾದು? ಡಾಕ್ಟ್ರಿಗೆ ಹೇಳಿದ್ರೆ, ಹಸಾಗೆ ಕೊಂಬಿಲ್ದಿದ್ರೆ ಏನೀಗ ಅಂತಾರೆ. ನಿಂಗೆ ತೋರಿಸ್ಬೇಕು ಅಂತಲೇ ಆ ಓಣಿಗೆ ಕರ್ಕಂಬಂದಿದ್ದು."

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮೊದಲು ನಕ್ಕದ್ದು ಯಾರೋ ತಿಳಿಯದು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆವು. ಒಲೆಯ ಮೇಲಿನ ಚಪಾತಿ ಸೀದು ಕರಕಲಾಯಿತು. ಗಿರಿಜೆ ಅರ್ಜಿಯನ್ನು ಮಡಚಿ ಹರಿದಳು. ಆಮೇಲೆ ಕೈ ಒರೆಸಿಕೊಂಡು ಹೋಗಿ ಮೊಳೆಯಿಂದ ಕೀಲಿ ತೆಗೆದಳು. "ಬಾ ಅಣ್ಣ, ಒಂದು ಸುತ್ತು ಹೋಗಾಣ. ಆದ್ರೆ ಕೈ ಎರಡನ್ನೂ ತೊಡೆ ಕೆಳಗಿಟ್ಕಂಡು ಕುಂತ್ಕ."

ಶನಿವಾರ, ಭಾನುವಾರ ಎರಡು ದಿನವೂ ನಾನು ಇಂಗ್ಲೆಂಡನ್ನು ನನ್ನ ಕೈಗಳ ಮೇಲೆ ಕೂತು ನೋಡಿದೆ.

ಸೋಮವಾರ, ಸ್ಟೇಷನ್ನು

ನಾನು ಹೊರಡುವ ದಿನವೂ ಅವಳು ಕೆಲಸಕ್ಕೆ ಸೇರುವ ದಿನವೂ ಒಂದೇ ಆಗಿತ್ತು. ಡಾಕ್ಟರಿಗೆ ಡ್ಯೂಟಿ. ಗಿರಿಜೆಯೇ ನನ್ನನ್ನು ಸ್ಟೇಷನ್ನಿಗೆ ತಂದು ಬಿಟ್ಟಳು. ನೀಲಿ ಯೂನಿಫಾರಂ ಹಾಕಿ, ಔಷಧದ ಚೀಲವನ್ನು ಹಿಂದಿನ ಸೀಟಿನಲ್ಲಿಟ್ಟಿದ್ದಳು. ಎಡಬಾಗಿಲು ಇನ್ನೂ ರಿಪೇರಿ ಆಗಿರಲಿಲ್ಲ. ಅವಳು ಇಳಿದು ನಿಂತ ಮೇಲೆ ನಾನು ತೆವಳಿಕೊಂಡು ಈಚೆ ಬಂದೆ.

"ಮೊದಲನೇ ಮನೆ ಎಷ್ಟು ದೂರ?" ಎಂದೆ.

"ಆರು ಮೈಲಿ. ಅವಳಿಜವಳಿ." ಅವಳು ಕಾರಿನೊಳಗಿನ ಖಾಲಿ ಸೀಟನ್ನು ನೋಡಿದಳು. "ಇಷ್ಟು ದಿನ ಪಕ್ಕದಾಗೆ ಯಾರಾದ್ರೂ ಇರ್ತಿದ್ರು ಅಣ್ಣ. ಇವತ್ತೇ ಒಬ್ಬಳೇ."

"ಹೋಗಮ್ಮ, ಅವ್ರು ಕಾಯ್ತಿರ್ತಾರೆ. ಇವತ್ತೇ ತಡ ಮಾಡ್ಬ್ಯಾಡ," ಎಂದೆ. ಅವಳು ಕಾಲಿಗೆ ನಮಸ್ಕಾರ ಮಾಡಿ, ಕಾರು ಹತ್ತಿ, ಕನ್ನಡಿ ಸರಿಮಾಡಿಕೊಂಡು, ಎಡಕ್ಕೆ ನೋಡಿ, ಬಲಕ್ಕೆ ನೋಡಿ, ಮತ್ತೆ ಎಡಕ್ಕೆ ನೋಡಿ ಹೊರಟಳು. ಪಕ್ಕದ ಸೀಟು ಖಾಲಿ. ಕಾರು ನೇರವಾಗಿ ಹೋಯಿತು. ದೂರದ ತಿರುವಿನಲ್ಲಿ ನಿಂತು, ಇನ್ನೊಂದು ಗಾಡಿಗೆ ದಾರಿ ಬಿಟ್ಟು, ತಿರುಗಿತು. ಅದು ಮರೆಯಾದ ಮೇಲೂ ನಾನು ಅದೇ ಕಡೆ ನೋಡುತ್ತ ನಿಂತಿದ್ದೆ.

ಪ್ಲಾಟ್‌ಫಾರಂಗೆ ಬಂದಾಗ ನನ್ನ ರೈಲು ಬಾಲ ತೋರಿಸುತ್ತ ಹೋಗುತ್ತಿತ್ತು. ಅಲ್ಲಿ ನಿಂತಿದ್ದ ರೈಲ್ವೆಯ ನೌಕರ ನನ್ನ ಪೆಟ್ಟಿಗೆ ನೋಡಿ ಮರುಗಿ, "ಛೆ, ಇವತ್ತು ಅದು ಅರ್ಧ ನಿಮಿಷ ಮುಂಚೆಯೇ ಹೊರಟಿತು ಸ್ವಾಮಿ. ತಪ್ಪು ನಮ್ಮದೇ," ಎಂದ.

"ಇಲ್ಲಪ್ಪ," ಎಂದೆ ನಾನು, ಯಾರೂ ಕೇಳುವುದಕ್ಕೆ ಮುಂಚೆಯೇ, ಒಂದೇ ಸಾಲಿನಲ್ಲಿ. "ತಪ್ಪು ನನ್ನದು."